ಬೂಸ್ಟ್ ಏರಿದಾಗ ಜಾರುವ ಹೋಸ್: ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯ ಆವಿ ಕೊಳವೆಗಳ ದೋಷ ನಿವಾರಣೆ

ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಸಾಧನ) ಇರುವ ಪೆಟ್ರೋಲ್ ಎಂಜಿನ್‌ನಲ್ಲಿ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಗೆ ಕೈ ಹೋಗುವುದು ಕಷ್ಟ, ಕಣ್ಣು ಹೋಗುವುದು ಇನ್ನೂ ಕಷ್ಟ. ಕ್ರ್ಯಾಂಕ್‌ಕೇಸ್‌ನ (ಎಂಜಿನ್‌ನ ಕೆಳಗಿನ ಗೂಡಿನ) ಆಯಿಲ್ ಆವಿಯನ್ನು ಒಯ್ಯುವ ಹೋಸ್, ಪೆಟ್ರೋಲ್ ಟ್ಯಾಂಕಿನ ಆವಿಯನ್ನು ತರುವ ಹೋಸ್, ಇವುಗಳ ನಡುವೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್‌ಗಳು, ಟಿ ಆಕಾರದ ಜೋಡಣೆಗಳು ಎಲ್ಲವೂ ಆ ಇಕ್ಕಟ್ಟಿನಲ್ಲೇ ತುಂಬಿಕೊಂಡಿರುತ್ತವೆ. ಅಲ್ಲಿ ಒಂದು ಹೋಸ್ ಅರ್ಧ ಸೆಂಟಿಮೀಟರ್ ಜಾರಿದರೂ ಸಾಕು, ಎಂಜಿನ್ ನಡುಗುತ್ತದೆ, ಎಳೆತ ಕುಗ್ಗುತ್ತದೆ, ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ. ಆಗ ಬಹಳ ಮಂದಿ ಮೊದಲು ಬದಲಿಸುವುದು ಏರ್ ಫ್ಲೋ ಸೆನ್ಸರನ್ನು, ಆಮೇಲೆ ಆಕ್ಸಿಜನ್ ಸೆನ್ಸರನ್ನು, ಆಮೇಲೆ ಇಗ್ನಿಷನ್ ಕಾಯಿಲ್‌ಗಳನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನಾನೂ ಒಮ್ಮೆ ಹಾಗೆಯೇ ಮಾಡಿದ್ದೇನೆ, ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಈ ಹೋಸ್‌ಗಳ ವಿಷಯದಲ್ಲಿ ಮೊದಲು ಮನಸ್ಸಿನಲ್ಲಿ ಕೂರಬೇಕಾದದ್ದು ಒಂದೇ ಮಾತು: ಇವು ಒಂದು ಗಳಿಗೆ ಹೀರುವ ಸೆಳೆತಕ್ಕೆ ಸಿಕ್ಕಿರುತ್ತವೆ, ಮರುಗಳಿಗೆ ತಳ್ಳುವ ಒತ್ತಡಕ್ಕೆ ಸಿಕ್ಕಿರುತ್ತವೆ. ಹೊರಗಿನ ವಾತಾವರಣದ ಒತ್ತಡ ಸುಮಾರು 100 ಕಿಲೋಪ್ಯಾಸ್ಕಲ್. ಕಾರು ನಿಂತಲ್ಲೇ ಎಂಜಿನ್ ಓಡುವಾಗ, ಅಂದರೆ ಐಡಲ್‌ನಲ್ಲಿ, ಮ್ಯಾನಿಫೋಲ್ಡ್ ಒಳಗಿನ ಒತ್ತಡ 30ರಿಂದ 40ಕ್ಕೆ ಇಳಿದಿರುತ್ತದೆ. ಟರ್ಬೊ 1 ಬಾರ್ ಬೂಸ್ಟ್, ಅಂದರೆ ವಾತಾವರಣದ ಮೇಲೆ ಇನ್ನೂ 100 ಕಿಲೋಪ್ಯಾಸ್ಕಲ್, ಕೊಟ್ಟಾಗ ಅದೇ ಜಾಗದಲ್ಲಿ 200 ಇರುತ್ತದೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಸೆಳೆತವೇ ಹೋಸನ್ನು ನಿಪ್ಪಲ್‌ಗೆ (ಹೋಸ್ ತೂರಿಸುವ ಮೂತಿಗೆ) ಅಂಟಿಸಿ ಹಿಡಿದಿರುತ್ತದೆ; ಕ್ಲಾಂಪ್ ಇಲ್ಲದೆಯೂ ಹತ್ತು ವರ್ಷ ಬಾಳುವ ಹೋಸ್‌ಗಳು ಅಲ್ಲಿ ಎಷ್ಟೋ ಇವೆ. ಬೂಸ್ಟ್ ಇರುವ ಎಂಜಿನ್‌ನಲ್ಲಿ ಆ ಆಸರೆ ಇಲ್ಲ. 19 ಮಿ.ಮೀ. ಒಳವ್ಯಾಸದ ಹೋಸ್‌ನ ಬಾಯಿಗೆ 1 ಬಾರ್ ಒತ್ತಡ ಬಿದ್ದರೆ ಅದನ್ನು ನಿಪ್ಪಲ್‌ನಿಂದ ಕೀಳುವ ಬಲ ಸುಮಾರು 3 ಕೆ.ಜಿ. ತೂಕದಷ್ಟು. 8 ಮಿ.ಮೀ. ಹೋಸ್‌ಗಾದರೆ ಅರ್ಧ ಕೆ.ಜಿ. ಕೇಳುವುದಕ್ಕೆ ಚಿಕ್ಕ ಸಂಖ್ಯೆಗಳು. ಆದರೆ ನಿಪ್ಪಲ್ ಮೇಲೆ ಆಯಿಲ್ ಪಸೆ ಇದೆ, ರಬ್ಬರ್ ಬಿಸಿಯಾಗಿ ಮೆತ್ತಗಾಗಿದೆ, ಎಂಜಿನ್ ಅಲುಗಾಡುತ್ತಿದೆ, ಈ ಎಳೆತ ದಿನಕ್ಕೆ ನೂರಾರು ಸಲ ಬಂದು ಹೋಗುತ್ತಿದೆ. ಹೋಸ್ ಕೂದಲೆಳೆಯಷ್ಟಾಗಿ ಹಿಂದೆ ಸರಿಯುತ್ತಾ ಒಂದು ದಿನ ನಿಪ್ಪಲ್‌ನ ಉಬ್ಬನ್ನು ದಾಟಿಬಿಡುತ್ತದೆ.

ಯಾವ ಹೋಸ್, ಯಾವ ದಾರಿ

ಆಯಿಲ್ ಆವಿಯ ದಾರಿ ಎರಡು. ಪಿಸ್ಟನ್ ರಿಂಗ್‌ಗಳ ಸಂದಿನಿಂದ ಕ್ರ್ಯಾಂಕ್‌ಕೇಸ್‌ಗೆ ಇಳಿಯುವ ಅನಿಲ ಐಡಲ್‌ನಲ್ಲಿ ಪಿಸಿವಿ (ಕ್ರ್ಯಾಂಕ್‌ಕೇಸ್ ಅನಿಲವನ್ನು ಹೊರಬಿಡುವ) ವಾಲ್ವ್ ಮೂಲಕ ನೇರವಾಗಿ ಮ್ಯಾನಿಫೋಲ್ಡ್‌ಗೆ ಹೋಗುತ್ತದೆ. ಬೂಸ್ಟ್ ಬಂದಾಗ ಆ ವಾಲ್ವ್ ಮುಚ್ಚಿಕೊಳ್ಳಬೇಕು. ಆಗ ಅನಿಲ ಬ್ರೀದರ್ ಹೋಸ್ ಹಿಡಿದು ಟರ್ಬೊ ಗಾಳಿ ಹೀರುವ ಬಾಯಿಯತ್ತ ತಿರುಗುತ್ತದೆ. ಪೆಟ್ರೋಲ್ ಆವಿಯ ಕಥೆಯೂ ಇದೇ ಮಾದರಿಯದು. ಟ್ಯಾಂಕಿನ ಆವಿಯನ್ನು ಇದ್ದಿಲು ತುಂಬಿದ ಕ್ಯಾನಿಸ್ಟರ್ ಹಿಡಿದಿಟ್ಟುಕೊಂಡಿರುತ್ತದೆ, ಪರ್ಜ್ ವಾಲ್ವ್ ತೆರೆದಾಗ ಅದು ಮ್ಯಾನಿಫೋಲ್ಡ್‌ಗೆ ಎಳೆದುಕೊಳ್ಳಲ್ಪಡುತ್ತದೆ. ಬೂಸ್ಟ್ ವೇಳೆಯಲ್ಲಿ ಮ್ಯಾನಿಫೋಲ್ಡ್ ಕಡೆಯ ಚೆಕ್ ವಾಲ್ವ್ ಮುಚ್ಚಬೇಕು. ಇತ್ತೀಚಿನ ಹಲವು ಕಾರುಗಳಲ್ಲಿ ಆಗ ಇನ್ನೊಂದು ಹೋಸ್ ಮೂಲಕ ಆವಿ ಟರ್ಬೊ ಬಾಯಿಗೆ ಹೋಗುವ ಏರ್ಪಾಡೂ ಇರುತ್ತದೆ.

ಹಾಗಾಗಿ ಇಲ್ಲಿ ಕೆಡುವುದು ಹೋಸ್ ಮಾತ್ರವಲ್ಲ. ಹೋಸ್ ಗಟ್ಟಿಯಾಗಿದ್ದು ಚೆಕ್ ವಾಲ್ವ್ ಸೋತರೆ ಗಾಳಿ ಹೊರಗೆ ಸೋರುವುದಿಲ್ಲ, ಒಳಗೊಳಗೇ ತಪ್ಪು ದಿಕ್ಕಿಗೆ ಹೋಗುತ್ತದೆ. ಸಾಬೂನು ನೀರಿಗೆ ಗುಳ್ಳೆ ಬರುವುದಿಲ್ಲ, ಹೊಗೆ ಹಾಯಿಸಿದರೆ ಹೊಗೆ ಕಾಣುವುದಿಲ್ಲ. ನನ್ನ ಮಟ್ಟಿಗೆ ಅತ್ಯಂತ ಹೆಚ್ಚು ಸಮಯ ತಿಂದಿರುವ ದೋಷ ಇದೇ.

ಲಕ್ಷಣ ಓದುವ ಬಗೆ

ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಜೋಡಿಸಿ ಮೊದಲು ಫ್ಯುಯೆಲ್ ಟ್ರಿಮ್ ನೋಡಿ. ಕಂಪ್ಯೂಟರ್ ತನ್ನ ಲೆಕ್ಕದ ಮೇಲೆ ಎಷ್ಟು ಇಂಧನ ಕೂಡಿಸುತ್ತಿದೆ ಅಥವಾ ಕಳೆಯುತ್ತಿದೆ ಎಂಬುದನ್ನು ಅದು ಶೇಕಡಾವಾರು ಹೇಳುತ್ತದೆ. ಏರ್ ಫ್ಲೋ ಸೆನ್ಸರ್ ಇರುವ ಎಂಜಿನ್‌ನಲ್ಲಿ ಮ್ಯಾನಿಫೋಲ್ಡ್ ಅಡಿಯ ಹೋಸ್ ಸಡಿಲವಾಗಿದ್ದರೆ ಐಡಲ್‌ನಲ್ಲಿ ಅಳತೆಗೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ, ಟ್ರಿಮ್ ಶೇ. 15ರಿಂದ 20ರವರೆಗೂ ಏರುತ್ತದೆ. ಎಂಜಿನ್ ವೇಗವನ್ನು ನಿಮಿಷಕ್ಕೆ 2,500 ಸುತ್ತಿಗೆ ಏರಿಸಿ ಹಿಡಿಯಿರಿ. ಒಟ್ಟು ಗಾಳಿ ಹೆಚ್ಚಾದಂತೆ ಸೋರಿಕೆಯ ಪಾಲು ಸಣ್ಣದಾಗುತ್ತದೆ, ಟ್ರಿಮ್ ಶೇ. 5ರ ಸುಮಾರಿಗೆ ಇಳಿಯುತ್ತದೆ. ಹೀಗೆ ಇಳಿದರೆ ದೋಷ ಗಾಳಿ ಸೋರಿಕೆಯದು. ಇಳಿಯದೆ ಇನ್ನೂ ಏರಿದರೆ ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ಕಡೆ ನೋಡಬೇಕು, ಮ್ಯಾನಿಫೋಲ್ಡ್ ಬಿಚ್ಚಿ ಫಲವಿಲ್ಲ. ಸ್ಕ್ಯಾನರ್ ತೋರಿಸುವ ಪಿ 0171 ಎಂಬ ದೋಷ ಕೋಡ್ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂದಷ್ಟೇ ಹೇಳುತ್ತದೆ. ಯಾಕೆ ಎಂಬುದನ್ನು ಹೇಳುವುದು ಈ ಏರಿಳಿತ.

ಅದೇ ಸಡಿಲ ಹೋಸ್ ಬೂಸ್ಟ್ ಬಂದಾಗ ಉಲ್ಟಾ ವರ್ತಿಸುತ್ತದೆ. ಸೆನ್ಸರ್ ಅಳೆದ ಗಾಳಿ ಸಿಲಿಂಡರ್ ಸೇರುವ ಮೊದಲೇ ಹೊರಗೆ ಹೋಗುತ್ತದೆ, ಇಂಧನ ಮಾತ್ರ ಪೂರ್ತಿ ಬೀಳುತ್ತದೆ. ಎಕ್ಸಾಸ್ಟ್‌ನಲ್ಲಿ ಕಪ್ಪು ಹೊಗೆ, ಬಾನೆಟ್ ಅಡಿಯಿಂದ ಬುಸ್ ಎನ್ನುವ ಸದ್ದು, ಸೋರಿಕೆ ದೊಡ್ಡದಾದರೆ ಬೂಸ್ಟ್ ಸಾಲದು ಎನ್ನುವ ಪಿ 0299. ಐಡಲ್‌ನಲ್ಲಿ ಪೆಟ್ರೋಲ್ ಕಡಿಮೆ, ಬೂಸ್ಟ್‌ನಲ್ಲಿ ಪೆಟ್ರೋಲ್ ಹೆಚ್ಚು: ಈ ಜೋಡಿ ಕಂಡರೆ ಸೋರಿಕೆ ಥ್ರಾಟಲ್ (ಗಾಳಿಯ ಬಾಗಿಲು) ದಾಟಿದ ಮೇಲೆ, ಎಂಜಿನ್ ಕಡೆಗೇ ಇದೆ ಎಂದು ತಿಳಿಯಿರಿ.

ಏರ್ ಫ್ಲೋ ಸೆನ್ಸರ್ ಇಲ್ಲದೆ ಮ್ಯಾನಿಫೋಲ್ಡ್ ಒತ್ತಡವನ್ನು ಅಳೆದೇ ಇಂಧನ ಲೆಕ್ಕ ಹಾಕುವ ಎಂಜಿನ್‌ಗಳಲ್ಲಿ ಈ ಗುರುತು ಸಿಗುವುದಿಲ್ಲ. ಒಳಗೆ ಬಂದ ಗಾಳಿ ಒತ್ತಡವನ್ನೂ ಏರಿಸುವುದರಿಂದ ಕಂಪ್ಯೂಟರ್ ಸರಿಯಾಗಿಯೇ ಇಂಧನ ಸೇರಿಸುತ್ತದೆ. ಅಲ್ಲಿ ಕಾಣುವುದು ಐಡಲ್ ವೇಗ ತಾನಾಗಿ ಮೇಲಕ್ಕೆ ಹೋಗುವುದು ಮತ್ತು ಮ್ಯಾನಿಫೋಲ್ಡ್ ಒತ್ತಡ ಎಂದಿಗಿಂತ ಹೆಚ್ಚು ತೋರುವುದು.

ಪಿಸಿವಿ ಕಡೆಯ ಚೆಕ್ ವಾಲ್ವ್ ಸೋತಾಗ ಬೂಸ್ಟ್ ನೇರ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ತಾನಾಗಿ ಮೇಲಕ್ಕೆ ಎದ್ದಿರುವುದು, ವಾಲ್ವ್ ಕವರ್ ಅಂಚಿನಲ್ಲಿ ಹೊಸದಾಗಿ ಆಯಿಲ್ ಜಿನುಗುವುದು, ಎಳೆತ ಕೊಟ್ಟಾಗ ನೀಲಿ ಹೊಗೆ ಬರುವುದು ಅದರ ಗುರುತುಗಳು. ಇವನ್ನು ನೋಡಿ ರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಎಂದು ತೀರ್ಮಾನಿಸುವವರಿದ್ದಾರೆ. ದಯವಿಟ್ಟು ಆ ಅಂಗೈ ಅಗಲದ ಹೋಸ್ ಮತ್ತು ವಾಲ್ವನ್ನು ನೋಡುವ ತನಕ ಆ ತೀರ್ಮಾನಕ್ಕೆ ಬರಬೇಡಿ.

ಪೆಟ್ರೋಲ್ ಆವಿಯ ಕಡೆಯ ದೋಷಕ್ಕೆ ಸಾಮಾನ್ಯವಾಗಿ ಪಿ 0441, ಪಿ 0455, ಪಿ 0456, ಪಿ 0496 ಕೋಡ್‌ಗಳು ಬರುತ್ತವೆ. ಪಿ 0456 ಸುಮಾರು ಅರ್ಧ ಮಿ.ಮೀ. ರಂಧ್ರದಷ್ಟು ಸಣ್ಣ ಸೋರಿಕೆಯನ್ನೂ ಹಿಡಿಯುತ್ತದೆ, ಆದ್ದರಿಂದ ಆ ಕೋಡ್ ಬಂದಾಗ ಕಣ್ಣಿಗೆ ಏನೂ ಕಾಣಲಿಲ್ಲ ಎಂದು ಬಿಡುವಂತಿಲ್ಲ. ಜೋರಾಗಿ ಓಡಿಸಿ ನಿಲ್ಲಿಸಿದ ಮೇಲೆ ಟ್ಯಾಂಕ್ ಮುಚ್ಚಳ ತೆರೆದಾಗ ಗಾಳಿ ರಭಸವಾಗಿ ಹೊರಗೆ ನುಗ್ಗಿದರೆ, ಕಾರಿನ ಸುತ್ತ ಪೆಟ್ರೋಲ್ ವಾಸನೆ ಇದ್ದರೆ, ಬೂಸ್ಟ್ ಕ್ಯಾನಿಸ್ಟರ್‌ನತ್ತ ತಪ್ಪಿಸಿಕೊಳ್ಳುತ್ತಿರುವ ಅನುಮಾನ ಪಡಬೇಕು. ಬಿಸಿಲಿಗೆ ನಿಂತ ಕಾರಿನ ಟ್ಯಾಂಕೂ ಉಸಿರು ಬಿಡುತ್ತದೆ. ಅದೊಂದನ್ನೇ ಸಾಕ್ಷಿ ಎಂದುಕೊಳ್ಳಬೇಡಿ.

ಕೈ ಹಾಕುವ ಮೊದಲು

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಗಾಳಿಯಲ್ಲಿ ಶೇ. 1.4ರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗಲಿ, ಜಾಗ ತೆರೆದಿರಲಿ, ಬ್ಯಾಟರಿಯ ನೆಗೆಟಿವ್ ತುದಿ ಬಿಚ್ಚಿರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಎಂಜಿನ್ ಓಡುವಾಗ ಹೋಸ್‌ಗಳ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಸೋರಿಕೆ ಹುಡುಕುವ ಹಳೆಯ ರೂಢಿಯನ್ನು ಟರ್ಬೊ ಎಂಜಿನ್‌ನಲ್ಲಿ ಬಿಟ್ಟೇ ಬಿಡಿ. ಕೆಂಪಗೆ ಕಾಯುವ ಲೋಹ ಪಕ್ಕದಲ್ಲೇ ಇರುತ್ತದೆ. ಚೆಕ್ ವಾಲ್ವ್ ಪರೀಕ್ಷೆಗೆ ಬಾಯಿಯಿಂದ ಊದುವ ಅಭ್ಯಾಸವೂ ಬೇಡ, ಅದರೊಳಗೆ ಇರುವುದು ಪೆಟ್ರೋಲ್ ಆವಿ.

ಹುಡುಕುವುದು

ಮೊದಲ ಕೆಲಸಕ್ಕೆ ಉಪಕರಣವೇ ಬೇಡ. ಕೈಗೆ ಸಿಗುವ ಹೋಸ್‌ಗಳ ತುದಿಯನ್ನು ಹಿಡಿದು ಮೆಲ್ಲಗೆ ತಿರುಗಿಸಿ. ಗಟ್ಟಿಯಾಗಿ ಕೂತ ಹೋಸ್ ನಿಪ್ಪಲ್ ಮೇಲೆ ತಿರುಗುವುದಿಲ್ಲ. ತಿರುಗಿದರೆ ಅದು ಇನ್ನೂ ಸೋರದಿದ್ದರೂ ಮುಂದೆ ಸೋರುವ ಹೋಸ್. ಆಮೇಲೆ ಉದ್ದಕ್ಕೂ ಹಿಸುಕುತ್ತಾ ಹೋಗಿ. ಬಿಸ್ಕತ್ತಿನಂತೆ ಗಟ್ಟಿಯಾಗಿ ಮುರಿಯುವಂತಿದ್ದರೆ ಶಾಖ ತಿಂದಿದೆ. ಬೆಲ್ಲದ ಅಚ್ಚು ಕರಗಿದ ಹಾಗೆ ಜಿಗುಟಾಗಿ ಊದಿಕೊಂಡಿದ್ದರೆ ಆಯಿಲ್ ಕುಡಿದಿದೆ. ಹೊರಗೆ ಥಳಕು ಒಳಗೆ ಹುಳುಕು ಎಂಬ ಮಾತು ಈ ಹೋಸ್‌ಗಳಿಗೆ ಹೇಳಿ ಮಾಡಿಸಿದ್ದು. ಬಾಗಿನ ಒಳಮೈಯಲ್ಲಿ, ಕ್ಲಾಂಪ್ ಅಂಚಿನ ಕೆಳಗೆ, ಕಣ್ಣಿಗೆ ಕಾಣದ ತಳಭಾಗದಲ್ಲಿ ಸೀಳು ಇರುತ್ತದೆ. ಸಣ್ಣ ಕನ್ನಡಿ ಅಥವಾ ಮೊಬೈಲ್‌ಗೆ ಜೋಡಿಸುವ ಕೊಳವೆ ಕ್ಯಾಮೆರಾ ಇದ್ದರೆ ಮ್ಯಾನಿಫೋಲ್ಡ್ ಬಿಚ್ಚದೆ ಅರ್ಧ ಕೆಲಸ ಮುಗಿಯುತ್ತದೆ.

ಎರಡನೆಯದು ಬೇರ್ಪಡಿಸುವುದು. ಮ್ಯಾನಿಫೋಲ್ಡ್‌ಗೆ ಬಂದು ಸೇರುವ ಪರ್ಜ್ ಹೋಸನ್ನು ಕಳಚಿ ಆ ನಿಪ್ಪಲ್‌ಗೆ ರಬ್ಬರ್ ಟೋಪಿ ಹಾಕಿ, ಕಳಚಿದ ಹೋಸ್‌ನ ಬಾಯನ್ನೂ ಮುಚ್ಚಿ ಐಡಲ್‌ನಲ್ಲಿ ಟ್ರಿಮ್ ನೋಡಿ. ಟ್ರಿಮ್ ಸೊನ್ನೆಯ ಹತ್ತಿರ ಬಂದರೆ ದೋಷ ಆ ಹೋಸ್‌ನ ಹಿಂದಿದೆ. ಬಾರದಿದ್ದರೆ ಅದನ್ನು ಮರಳಿ ಸೇರಿಸಿ ಮುಂದಿನದಕ್ಕೆ ಹೋಗಿ. ಒಂದು ಸಲಕ್ಕೆ ಒಂದೇ. ಕ್ರ್ಯಾಂಕ್‌ಕೇಸ್ ಬ್ರೀದರನ್ನು ಮುಚ್ಚಿಟ್ಟು ಕಾರನ್ನು ರಸ್ತೆಗೆ ಮಾತ್ರ ಒಯ್ಯಬೇಡಿ. ಉಸಿರು ಕಟ್ಟಿದ ಎಂಜಿನ್ ಸೀಲ್‌ಗಳನ್ನು ಒಡೆದುಕೊಂಡು ಉಸಿರಾಡುತ್ತದೆ.

ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದು ಅಲ್ಲಿ ತೆಳ್ಳಗಿನ ರಬ್ಬರ್ ಕೈಗವಸನ್ನು ಬಿಗಿದು ಎಂಜಿನ್ ಓಡಿಸಿ ನೋಡಿ. ಪಿಸಿವಿ ದಾರಿ ಸರಿಯಿದ್ದರೆ ಐಡಲ್‌ನಲ್ಲಿ ಕೈಗವಸು ಮೆಲ್ಲಗೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಊದಿ ನಿಂತರೆ ದಾರಿ ಎಲ್ಲೋ ಕಟ್ಟಿದೆ. ಮೆತ್ತಗಿನ, ನೇಯ್ಗೆಯ ಬಲವಿಲ್ಲದ ಹೋಸ್ ಹಾಕಿದ ಕಾರುಗಳಲ್ಲಿ ಅದು ಬಿಸಿಯಾದ ಮೇಲೆ ಸೆಳೆತಕ್ಕೆ ಚಪ್ಪಟೆಯಾಗಿ ಕಟ್ಟಿಕೊಂಡಿರುವುದನ್ನು ನಾನು ಕಂಡಿದ್ದೇನೆ. ಎಂಜಿನ್ ಆರಿಸಿದ ಕೂಡಲೇ ಮತ್ತೆ ದುಂಡಗಾಗುತ್ತದೆ, ಕೈಗೆ ಸಿಕ್ಕಾಗ ಹೊಸದರಂತೆ ಇರುತ್ತದೆ.

ಹೊಗೆ ಪರೀಕ್ಷೆ ಒಳ್ಳೆಯದು, ಆದರೆ ಅದರ ಮಿತಿಯನ್ನು ತಿಳಿದಿರಬೇಕು. ಪೆಟ್ರೋಲ್ ಆವಿಯ ಕಡೆಗೆ ಹೊಗೆ ಹಾಯಿಸುವಾಗ ಒತ್ತಡ ಸುಮಾರು 3.5 ಕಿಲೋಪ್ಯಾಸ್ಕಲ್ ದಾಟಬಾರದು, ದಾಟಿದರೆ ಕ್ಯಾನಿಸ್ಟರ್ ಕಡೆಯ ಭಾಗಗಳು ಕೆಡುತ್ತವೆ. ಬೂಸ್ಟ್ 100 ಕಿಲೋಪ್ಯಾಸ್ಕಲ್. ಅಂದರೆ ಹೊಗೆ ಯಂತ್ರ ಕೊಡುವುದು ನಿಜವಾದ ಒತ್ತಡದ ಸುಮಾರು ಮೂವತ್ತರಲ್ಲಿ ಒಂದು ಪಾಲು ಮಾತ್ರ. ಅಷ್ಟು ಕಡಿಮೆಯಲ್ಲಿ ಬಾಯಿ ಮುಚ್ಚಿಕೊಂಡಿರುವ ಸೀಳು ಬೂಸ್ಟ್ ಬಂದಾಗ ತೆರೆಯುತ್ತದೆ. ಹೊಗೆ ಬಂದಿತು ಎಂದರೆ ಸೋರಿಕೆ ಖಂಡಿತ. ಬರಲಿಲ್ಲ ಎಂದರೆ ಇನ್ನೂ ಏನೂ ಖಂಡಿತವಿಲ್ಲ.

ಆದ್ದರಿಂದ ಒತ್ತಡ ಪರೀಕ್ಷೆ ಬೇಕೇ ಬೇಕು. ಟರ್ಬೊ ಗಾಳಿ ಹೀರುವ ಬಾಯಿಗೆ ಬಿರಡೆ ಬಿಗಿದು, ರೆಗ್ಯುಲೇಟರ್ ಮತ್ತು ಮೀಟರ್ ಇರುವ ಕಂಪ್ರೆಸರ್‌ನಿಂದ ಗಾಳಿ ಕೊಡಬೇಕು. ಮುನ್ನ ಎರಡು ಕೆಲಸ. ಬ್ರೀದರ್ ಹೋಸನ್ನು ಟರ್ಬೊ ಕೊಳವೆಯಿಂದ ಕಳಚಿ ಅಲ್ಲಿನ ನಿಪ್ಪಲ್ ಮುಚ್ಚಿ, ಆಯಿಲ್ ಮುಚ್ಚಳವನ್ನು ತೆಗೆದಿಡಿ; ಇಲ್ಲವಾದರೆ ಅಷ್ಟೂ ಒತ್ತಡ ಕ್ರ್ಯಾಂಕ್‌ಕೇಸ್ ಸೇರುತ್ತದೆ. ಪೆಟ್ರೋಲ್ ಆವಿಯ ಹೋಸನ್ನು ಕ್ಯಾನಿಸ್ಟರ್ ಕಡೆಯಲ್ಲಿ ಬೇರ್ಪಡಿಸಿ, ಕ್ಯಾನಿಸ್ಟರ್‌ಗೆ ಹೋಗುವ ಬಾಯನ್ನು ಮುಚ್ಚಿ, ಮ್ಯಾನಿಫೋಲ್ಡ್ ಕಡೆಯದನ್ನು ತೆರೆದಿಡಿ. ಟರ್ಬೊ ಬಾಯಿಗೆ ಇನ್ನೊಂದು ಪರ್ಜ್ ಹೋಸ್ ಇದ್ದರೆ ಅದರ ನಿಪ್ಪಲನ್ನೂ ಮುಚ್ಚಬೇಕು. 0.2 ಬಾರ್‌ನಿಂದ ಆರಂಭಿಸಿ ನಿಧಾನವಾಗಿ ಏರಿಸಿ. ಆ ಕಾರಿನ ಮಾಮೂಲು ಬೂಸ್ಟನ್ನು ಮೀರಬೇಡಿ. ಬಿರಡೆಯ ನೇರಕ್ಕೆ ಮುಖ ಇಡಬೇಡಿ, ಅದು ಹಾರಿದರೆ ಕಲ್ಲೇಟಿನಷ್ಟೇ ಪೆಟ್ಟಾಗುತ್ತದೆ.

ಈಗ ಕಿವಿಗೊಡಿ. ಮ್ಯಾನಿಫೋಲ್ಡ್ ಅಡಿಯಿಂದ ಸದ್ದು ಬಂದರೆ ಸಾಬೂನು ನೀರು ಜಾಗವನ್ನು ತೋರಿಸುತ್ತದೆ. ತೆರೆದಿಟ್ಟ ಪೆಟ್ರೋಲ್ ಆವಿ ಹೋಸ್‌ನಿಂದ ಗಾಳಿ ಬಂದರೆ ಆ ಕಡೆಯ ಚೆಕ್ ವಾಲ್ವ್ ಮತ್ತು ಪರ್ಜ್ ವಾಲ್ವ್ ಎರಡೂ ಹಿಡಿಯುತ್ತಿಲ್ಲ ಎಂದರ್ಥ. ಗಾಳಿ ಬಾರದಿದ್ದರೂ ಚೆಕ್ ವಾಲ್ವ್ ಪಾಸಾದಂತಲ್ಲ, ಮುಚ್ಚಿರುವ ಪರ್ಜ್ ವಾಲ್ವ್ ಅದರ ಮಾನ ಕಾಯುತ್ತಿರಬಹುದು; ಅದನ್ನು ಹೊರಗೆ ತೆಗೆದು ಬೇರೆಯಾಗಿಯೇ ನೋಡಬೇಕು. ಆಯಿಲ್ ಬಾಯಿಯಿಂದ ಸಣ್ಣಗೆ ಗಾಳಿ ಬರುವುದು ಸಹಜ. ಇನ್‌ಟೇಕ್ ವಾಲ್ವ್ ತೆರೆದು ನಿಂತ ಸಿಲಿಂಡರ್‌ನ ರಿಂಗ್ ಸಂದಿನಿಂದ ಅಷ್ಟು ಇಳಿಯುತ್ತದೆ. ಅಂಗೈ ಅಡ್ಡ ಹಿಡಿದಾಗ ತಳ್ಳುವಷ್ಟು ಬಂದರೆ ಪಿಸಿವಿ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ.

ಹೊರತೆಗೆದ ಚೆಕ್ ವಾಲ್ವ್‌ಗೆ ಕೈ ಪಂಪಿನಿಂದ ಎರಡೂ ಕಡೆ ಗಾಳಿ ಕೊಡಿ. ಒಂದು ದಿಕ್ಕಿನಲ್ಲಿ ಸಲೀಸಾಗಿ ಹೋಗಬೇಕು, ಇನ್ನೊಂದು ದಿಕ್ಕಿನಲ್ಲಿ ಮೀಟರ್ ಮುಳ್ಳು ನಿಂತಲ್ಲೇ ನಿಲ್ಲಬೇಕು. ತಣ್ಣಗಿದ್ದಾಗ ಪಾಸಾದ ವಾಲ್ವನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ಒರೆಸಿ, ಮತ್ತೊಮ್ಮೆ ನೋಡಿ. ಆಯಿಲ್ ಜಿಡ್ಡು ಗಟ್ಟಿಯಾಗಿದ್ದಾಗ ಹಿಡಿದುಕೊಂಡು ಬಿಸಿಗೆ ಬಿಟ್ಟುಬಿಡುವ ವಾಲ್ವ್‌ಗಳು ಇವೆ. ಬಾಣದ ಗುರುತನ್ನು ಗಮನಿಸಿ ಅದೇ ದಿಕ್ಕಿಗೆ ಮರಳಿ ಹಾಕಿ.

ಎರಡು ಸಲ ಮರಳಿ ಬಂದ ದೋಷ

ಇದು ನನ್ನದೇ ಕಾರಿನಲ್ಲಿ ಆದದ್ದು. ಜೋರಾಗಿ ಎಳೆತ ಕೊಟ್ಟಾಗ ಬುಸ್ ಎನ್ನುವ ಸದ್ದು, ಕಾಲು ತೆಗೆದ ಮೇಲೆ ಕೆಲವು ಸೆಕೆಂಡು ಐಡಲ್ ನಡುಕ, ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಶಾಂತ. ನಿಂತ ಕಾರಿನಲ್ಲಿ ಟ್ರಿಮ್ ಸರಿ, ಹೊಗೆ ಪರೀಕ್ಷೆಯಲ್ಲಿ ಏನೂ ಇಲ್ಲ. ಏರ್ ಫ್ಲೋ ಸೆನ್ಸರ್ ಬದಲಿಸಿದೆ. ಸದ್ದು ಹೋಗಲಿಲ್ಲ.

ಒತ್ತಡ ಪರೀಕ್ಷೆಗೆ ಕೂತಾಗ 0.3 ಬಾರ್‌ನಲ್ಲಿ ಮೌನ, 0.5ರಲ್ಲಿ ಮೌನ. 0.7 ದಾಟಿದಾಗ ಟಪ್ ಎಂದು ಒಂದು ಸದ್ದು, ಹಿಂದೆಯೇ ಗಾಳಿ. ರೆಗ್ಯುಲೇಟರ್ ತಿರುಗಿಸಿ ಒತ್ತಡ ಇಳಿಸಿದೆ, ಹೋಸ್ ತನ್ನ ಬಾಗಿನ ಬಿಗುವಿಗೆ ಹಿಂದಕ್ಕೆ ಸರಿದು ಮತ್ತೆ ಮುಚ್ಚಿಕೊಂಡಿತು. ಕ್ಯಾಮೆರಾ ತೂರಿಸಿ ನೋಡಿದರೆ ಪಿಸಿವಿ ನಿಪ್ಪಲ್ ಮೇಲೆ ಸುಮಾರು 6 ಮಿ.ಮೀ. ಅಗಲದ ಒಂದು ಪಟ್ಟಿ ಮಿರಮಿರ ಹೊಳೆಯುತ್ತಿತ್ತು, ಅದರ ಆಚೆ ಧೂಳು ಮೆತ್ತಿದ ಕಪ್ಪು ಆಯಿಲ್. ಹೋಸ್ ಆ ಆರು ಮಿಲಿಮೀಟರಿನಲ್ಲಿ ಹಿಂದೆ ಮುಂದೆ ಓಡಾಡಿ ಪ್ಲಾಸ್ಟಿಕ್ಕನ್ನು ತಿಕ್ಕಿ ಬೆಳಗಿಟ್ಟಿತ್ತು. ಅಂದಿನಿಂದ ನಾನು ಹೋಸ್ ನೋಡುವ ಮೊದಲು ಅದರ ಪಕ್ಕದ ನಿಪ್ಪಲನ್ನು ನೋಡುತ್ತೇನೆ.

ಹೊಸ ಹೋಸ್, ಸ್ಕ್ರೂ ಕ್ಲಾಂಪ್ ಹಾಕಿದೆ. ಮೂರು ವಾರಕ್ಕೆ ಸದ್ದು ಮರಳಿತು. ಈ ಸಲ ಬಿಗಿ ಮಾಡಿದ ಮೇಲೆ ಹೋಸ್ ಅಂಚಿನಿಂದ ನಿಪ್ಪಲ್ ಬುಡದವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆದೆ. ನಾಲ್ಕು ದಿನ ಓಡಿಸಿ ನೋಡಿದಾಗ ಗೆರೆ ತುಂಡಾಗಿ ನಡುವೆ 2 ಮಿ.ಮೀ. ಅಂತರ ಬಿದ್ದಿತ್ತು. ಕ್ಲಾಂಪ್ ಬಿಗಿಯಾಗಿಯೇ ಇತ್ತು. ಹಾಗಾದರೆ ಎಳೆಯುತ್ತಿರುವುದು ಗಾಳಿಯೊಂದೇ ಅಲ್ಲ. ಎಂಜಿನ್‌ನ ಹಿಂಬದಿಯ ಮೌಂಟ್ ರಬ್ಬರ್ ಹರಿದಿತ್ತು. ಎಳೆತ ಕೊಟ್ಟಾಗಲೆಲ್ಲ ಎಂಜಿನ್ ಹೊರಳುತ್ತಿತ್ತು, ಹೋಸ್‌ನ ಇನ್ನೊಂದು ತುದಿಯನ್ನು ಬಾಡಿಯ ಮೇಲೆ ಕೂತ ಆಯಿಲ್ ಸಂಗ್ರಹ ಡಬ್ಬಿಗೆ ಬಿಗಿದಿದ್ದೆ, ನಾನು ಕತ್ತರಿಸಿದ ಹೋಸ್‌ನಲ್ಲಿ ಒಂದಿಷ್ಟೂ ಸಡಿಲ ಇರಲಿಲ್ಲ. ಮೌಂಟ್ ಬದಲಿಸಿ, ಹೋಸನ್ನು 40 ಮಿ.ಮೀ. ಉದ್ದ ಇಟ್ಟು ಹಾಕಿದ ಮೇಲೆ ಆ ಬಿಳಿ ಗೆರೆ ಇಂದಿಗೂ ತುಂಡಾಗಿಲ್ಲ.

ಭದ್ರವಾಗಿ ಕೂರಿಸುವುದು

ಹೋಸ್ ಆಯ್ಕೆಯಲ್ಲಿ ಬಣ್ಣ ನೋಡಬೇಡಿ, ಮೈಮೇಲಿನ ಅಕ್ಷರ ಓದಿ. ಪೆಟ್ರೋಲ್ ಆವಿಗೂ ಪಿಸಿವಿಗೂ ಎಸ್‌ಎಇ ಜೆ30 ಆರ್7 ದರ್ಜೆಯ ಹೋಸ್ ಸಾಮಾನ್ಯವಾಗಿ ಹೊಂದುತ್ತದೆ. ಶಾಖ ಹೆಚ್ಚಿರುವ ಕಡೆ ಫ್ಲೋರೊ ರಬ್ಬರ್ ಒಳಪದರ ಇರುವ ಆರ್9 ಇನ್ನೂ ಮೇಲು. ಮಾಮೂಲು ಸಿಲಿಕೋನ್ ಹೋಸ್ ಬೂಸ್ಟ್ ಗಾಳಿಗೆ ಚೆನ್ನ, ಆದರೆ ಪೆಟ್ರೋಲ್ ಆವಿ ಅದರ ಗೋಡೆಯ ಮೂಲಕವೇ ಹಾದು ಹೋಗುತ್ತದೆ, ಆಯಿಲ್ ಅದನ್ನು ಮೆತ್ತಗೆ ಮಾಡುತ್ತದೆ. ನೀಲಿ ಕೆಂಪು ಬಣ್ಣಕ್ಕೆ ಮರುಳಾಗಿ ಅದನ್ನು ಈ ಜಾಗಕ್ಕೆ ತರಬೇಡಿ. ರೇಡಿಯೇಟರ್ ನೀರಿನ ಇಪಿಡಿಎಂ ಹೋಸಂತೂ ಆಯಿಲ್ ಸೋಕಿದರೆ ಊದಿಕೊಳ್ಳುತ್ತದೆ, ಅದು ಬೇಡವೇ ಬೇಡ. ಒಳವ್ಯಾಸ ನಿಪ್ಪಲ್ ಅಳತೆಯದೇ ಇರಬೇಕು. ದೊಡ್ಡ ಹೋಸನ್ನು ಕ್ಲಾಂಪ್‌ನಿಂದ ಹಿಂಡಿ ಹೊಂದಿಸಿದರೆ ರಬ್ಬರ್ ಮಡಿಕೆ ಬಿದ್ದು ಆ ಮಡಿಕೆಯೇ ಸೋರುವ ಕಾಲುವೆಯಾಗುತ್ತದೆ.

ನಿಪ್ಪಲನ್ನು ಬೆರಳಿನಿಂದ ಸವರಿ ನೋಡಿ. ಪ್ಲಾಸ್ಟಿಕ್ ನಿಪ್ಪಲ್‌ಗಳಲ್ಲಿ ಅಚ್ಚಿನ ಎರಡು ಭಾಗ ಸೇರಿದ ಸಣ್ಣ ಏಣು ಉದ್ದಕ್ಕೂ ಇರುತ್ತದೆ. ಉಬ್ಬನ್ನು ಕೆಡಿಸದಂತೆ ನಯವಾದ ಉಜ್ಜು ಕಾಗದದಿಂದ ಅದನ್ನು ಸಮ ಮಾಡಿ. ಬಿರುಕಿದ್ದರೆ ನಿಪ್ಪಲ್ ಇರುವ ಭಾಗವನ್ನೇ ಬದಲಿಸಿ, ಅಂಟು ಬಳಿದು ಹೊಂದಿಸಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಆಯಿಲ್ ಪಸೆ ಪೂರ್ತಿ ಒರೆಸಿ. ಹೋಸ್ ತೂರಿಸಲು ಕಷ್ಟವಾದರೆ ಅದೇ ಆಲ್ಕೋಹಾಲ್ ಸವರಿ, ಒಂದೆರಡು ನಿಮಿಷದಲ್ಲಿ ಆರಿಹೋಗುತ್ತದೆ. ಗ್ರೀಸ್ ಅಥವಾ ಆಯಿಲ್ ಸವರಿದರೆ ಅದು ಒಳಗೇ ಉಳಿದು, ತೂರಿಸುವಾಗ ಮಾಡಿದ ಸಹಾಯವನ್ನು ಕಳಚುವಾಗಲೂ ಮಾಡುತ್ತದೆ.

ಹೋಸ್ ತುದಿಯನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ ನಿಪ್ಪಲ್ ಬುಡ ಮುಟ್ಟುವವರೆಗೆ ತೂರಿಸಿ. ಕ್ಲಾಂಪ್ ಕೂರಬೇಕಾದದ್ದು ಉಬ್ಬಿನ ಹಿಂದೆ, ಉಬ್ಬಿನ ನೆತ್ತಿಯ ಮೇಲೆ ಅಲ್ಲ. ನೆತ್ತಿಯ ಮೇಲೆ ಬಿಗಿದ ಕ್ಲಾಂಪ್ ಇಳಿಜಾರಿನಲ್ಲಿ ನಿಲ್ಲಿಸಿದ ಗಾಲಿಯಂತೆ, ಒಂದು ತಳ್ಳು ಸಿಕ್ಕರೆ ಹೊರಟೇಬಿಡುತ್ತದೆ. ಹೋಸ್ ಅಂಚಿನಿಂದ 3–4 ಮಿ.ಮೀ. ಒಳಗೆ ಅದು ಇರಲಿ.

ಕೈ ಮತ್ತೆ ಹೋಗದ ಜಾಗಕ್ಕೆ ನನ್ನ ಆಯ್ಕೆ ಸ್ಪ್ರಿಂಗ್ ಕ್ಲಾಂಪ್. ರಬ್ಬರ್ ಬಿಸಿಗೆ ಹಿಗ್ಗಿ ತಣ್ಣಗೆ ಕುಗ್ಗಿದಂತೆಲ್ಲ ಅದೂ ಹಿಗ್ಗಿ ಕುಗ್ಗಿ ಹಿಡಿತ ಬಿಡದೆ ನಿಲ್ಲುತ್ತದೆ. ಅಳತೆ ಸರಿಯಾಗಿರಬೇಕು, ಹಳೆಯದು ಸೋತಿದ್ದರೆ ಹೊಸದು ಹಾಕಬೇಕು. ಸಣ್ಣ ಹೋಸ್‌ಗಳಿಗೆ ಒಂದು ಕಿವಿಯ ಸ್ಟೀಲ್ ಕ್ಲಾಂಪ್ ಕೂಡ ಉತ್ತಮ, ಸುತ್ತಲೂ ಸಮನಾಗಿ ಹಿಡಿಯುತ್ತದೆ. ಆದರೆ ಇಕ್ಕಳದಿಂದ ಒಮ್ಮೆ ಕಚ್ಚಿಸಿದರೆ ಮುಗಿಯಿತು, ಮರುಬಳಕೆಯಿಲ್ಲ. ಸ್ಕ್ರೂ ಕ್ಲಾಂಪನ್ನೇ ಹಾಕುವುದಾದರೆ ಪಟ್ಟಿಯಲ್ಲಿ ತೂತುಗಳಿಲ್ಲದ, ಅಂಚು ಮೇಲಕ್ಕೆ ಮಡಿಸಿದ ಇಂಧನ ಹೋಸ್ ಕ್ಲಾಂಪ್ ತನ್ನಿ. ತೂತಿನ ಪಟ್ಟಿ ಸಣ್ಣ ಹೋಸ್‌ನ ಮೈಯನ್ನು ಗಾಯ ಮಾಡುತ್ತದೆ. ಕೇಬಲ್ ಟೈನಿಂದ ಬಿಗಿದ ಜೋಡಣೆಯನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಅದರ ತಲೆಯ ಕೆಳಗೆ ಹಿಡಿತವೇ ಇಲ್ಲದ ಸಂದು ಉಳಿಯುತ್ತದೆ, ಸಾಮಾನ್ಯ ನೈಲಾನ್ ಟೈ 85 ಡಿಗ್ರಿ ಸೆಲ್ಸಿಯಸ್‌ಗಷ್ಟೇ ಮಾಡಿದ್ದು, ಶಾಖಕ್ಕೆ ಮೊದಲು ಸಡಿಲವಾಗಿ ಆಮೇಲೆ ಒಣಗಿ ಮುರಿಯುತ್ತದೆ.

ದಾರಿ ಹಾಕುವುದು

ಎಂಜಿನ್‌ಗೂ ಬಾಡಿಗೂ ನಡುವೆ ಹಾದುಹೋಗುವ ಪ್ರತಿ ಹೋಸ್‌ನಲ್ಲಿ ಒಂದು ಸಡಿಲ ಬಾಗು ಇರಲೇಬೇಕು. ಎರಡೂ ತುದಿ ಎಂಜಿನ್ ಮೇಲೇ ಇರುವ ಹೋಸ್ ಎಂಜಿನ್ ಜೊತೆಗೇ ಅಲುಗುವುದರಿಂದ ಅದಕ್ಕೆ ಉದ್ದ ಬೇಡ, ಆಧಾರ ಬೇಕು. ರಬ್ಬರ್ ಮೆತ್ತೆ ಇರುವ ಪಿ ಕ್ಲಿಪ್‌ನಿಂದ ಬ್ರಾಕೆಟ್‌ಗೆ ಹಿಡಿಸಿ. ನಾಕ್ ಸೆನ್ಸರ್ ಬಹಳಷ್ಟು ಎಂಜಿನ್‌ಗಳಲ್ಲಿ ಇದೇ ಜಾಗದಲ್ಲಿ, ಬ್ಲಾಕ್ ಮೇಲೆ ಕೂತಿರುತ್ತದೆ. ಅದರ ಹತ್ತಿರ ಲೋಹದ ಕ್ಲಿಪ್ ಬ್ಲಾಕ್‌ಗೆ ತಾಗಿ ಟಕಟಕ ಎಂದರೆ ಕಂಪ್ಯೂಟರ್ ಅದನ್ನು ಎಂಜಿನ್ ಬಡಿತವೆಂದು ಕೇಳಿಸಿಕೊಂಡು ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ತಳ್ಳುತ್ತದೆ. ಸೋರಿಕೆ ಸರಿಮಾಡಿದ ಮೇಲೂ ಎಳೆತ ಬರಲಿಲ್ಲ ಎಂಬ ದೂರಿಗೆ ಇದೂ ಒಂದು ಕಾರಣ.

ಹೋಸ್ ಜೋತು ಬಿದ್ದು ತಗ್ಗು ಮಾಡಿಕೊಂಡರೆ ಅಲ್ಲಿ ಆಯಿಲ್ ಮತ್ತು ನೀರು ನಿಲ್ಲುತ್ತದೆ. ದಾರಿ ಒಂದೇ ಕಡೆಗೆ ಇಳಿಜಾರಾಗಿರಲಿ. ಎರಕದ ಚೂಪು ಅಂಚಿಗೆ ತಾಗುವಲ್ಲಿ ಸೀಳಿದ ಕೊಳವೆಯ ಕವಚ ಹಾಕಿ. ಟರ್ಬೊ ಅಥವಾ ಎಕ್ಸಾಸ್ಟ್ ಎದುರಿಗೆ ಬಂದರೆ ದಾರಿ ಬದಲಿಸಿ. ಬದಲಿಸಲಾಗದಿದ್ದರೆ ಶಾಖ ಹಿಮ್ಮೆಟ್ಟಿಸುವ ಬೆಳ್ಳಿ ಬಣ್ಣದ ಕವಚವಾದರೂ ಇರಲಿ.

ಮ್ಯಾನಿಫೋಲ್ಡ್ ಬಿಚ್ಚಿದ್ದರೆ ಇನ್‌ಟೇಕ್ ರಂಧ್ರಗಳಿಗೆ ಸ್ವಚ್ಛವಾದ ಬಟ್ಟೆ ತುರುಕಿ, ಎಷ್ಟು ಬಟ್ಟೆ ತುರುಕಿದ್ದೀರಿ ಎಂದು ಎಣಿಸಿ ಬರೆದಿಡಿ. ಗ್ಯಾಸ್ಕೆಟ್ ಹೊಸದೇ ಆಗಲಿ. ನಟ್‌ಗಳನ್ನು ನಡುವಿನಿಂದ ಎರಡೂ ತುದಿಗೆ, ತಯಾರಕರು ಹೇಳಿದ ಬಿಗಿಗೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಒಂದು ಹೋಸ್ ಕೆಟ್ಟಿತ್ತೆಂದು ಬಿಚ್ಚಿದ್ದರೂ ಅಡಿಯಲ್ಲಿರುವ ಅಷ್ಟೂ ಹೋಸ್, ಅಷ್ಟೂ ಚೆಕ್ ವಾಲ್ವ್ ಬದಲಿಸಿ. ಅವೆಲ್ಲ ಒಂದೇ ಶಾಖದಲ್ಲಿ ಒಂದೇ ವಯಸ್ಸು ಕಳೆದವು.

ಮುಚ್ಚುವ ಮೊದಲು ಪ್ರತಿ ಜೋಡಣೆಗೂ ಬಿಳಿ ಗೆರೆ ಎಳೆಯಿರಿ, ಒತ್ತಡ ಪರೀಕ್ಷೆಯನ್ನು ಮತ್ತೆ ಮಾಡಿ. ಓಡಿಸಿ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಸ್ಕ್ರೂ ಕ್ಲಾಂಪ್‌ಗಳನ್ನು ಒಮ್ಮೆ ಮುಟ್ಟಿ ನೋಡಿ, ಹೊಸ ರಬ್ಬರ್ ಸ್ವಲ್ಪ ಕುಗ್ಗಿರುತ್ತದೆ. ಐಡಲ್‌ನಲ್ಲಿ, 2,500ರಲ್ಲಿ, ಬೂಸ್ಟ್‌ನಲ್ಲಿ ಮೂರು ಕಡೆಯ ಓದುಗಳನ್ನು ಬರೆದುಕೊಳ್ಳಿ. ಪೆಟ್ರೋಲ್ ಆವಿಯ ಸ್ವಯಂ ಪರೀಕ್ಷೆ ನಡೆಯಬೇಕಾದರೆ ಹೆಚ್ಚಿನ ಕಾರುಗಳಲ್ಲಿ ಟ್ಯಾಂಕ್ ಶೇ. 15ರಿಂದ 85ರ ನಡುವೆ ತುಂಬಿರಬೇಕು, ಎಂಜಿನ್ ತಣ್ಣಗಿದ್ದು ಶುರುವಾಗಬೇಕು. ಕೋಡ್ ಅಳಿಸಿದ ಮರುದಿನವೇ ದೀಪ ಬಂದಿಲ್ಲವೆಂದು ನಿಶ್ಚಿಂತರಾಗದೆ, ಆ ಪರೀಕ್ಷೆ ಮುಗಿದಿದೆ ಎಂದು ಸ್ಕ್ಯಾನರ್ ತೋರಿಸುವವರೆಗೆ ಕಾಯಿರಿ. ಒಂದು ವಾರದ ಮೇಲೆ ಕ್ಯಾಮೆರಾ ತೂರಿಸಿ ಬಿಳಿ ಗೆರೆಗಳನ್ನು ನೋಡಿ. ಯಾವುದಾದರೂ ತುಂಡಾಗಿದ್ದರೆ ಕ್ಲಾಂಪನ್ನು ಇನ್ನಷ್ಟು ಬಿಗಿಯಲು ಹೋಗದೆ, ಮೊದಲು ಎಂಜಿನ್ ಮೌಂಟ್ ಮತ್ತು ಹೋಸ್‌ನ ಉದ್ದ ನೋಡಿ.